ಮಲೆನಾಡಿನ ಮಳೆಯಲ್ಲಿ ಹಳೆಯ ಪಟಗಳು: ಅಂಚು ಓದಿ, ಬೆನ್ನು ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೆಯ ತೊಟ್ಟಿಮನೆ ಕೀಳುವಾಗ ಕಂಬ, ಬಾಗಿಲು, ಮುಚ್ಚಿಗೆ ಹಲಗೆಗಳಿಗೆ ಮೊದಲೇ ಗಿರಾಕಿ ಗೊತ್ತಾಗಿರುತ್ತದೆ. ಜಗಲಿ ಗೋಡೆಯ ಪಟಗಳಿಗೂ ಒಮ್ಮೊಮ್ಮೆ ಬೆಲೆ ಬರುತ್ತದೆ, ಆದರೆ ಅದು ಬೀಟೆ ಅಥವಾ ಸಾಗುವಾನಿ ಕಟ್ಟಿನ ಬೆಲೆ. ಒಳಗಿನ ಕಾಗದ ಕಿತ್ತು ಕನ್ನಡಿ ಕೂರಿಸಿದರೆ ಪೇಟೆಯಲ್ಲಿ ಬೇಗ ಖರ್ಚಾಗುತ್ತದೆ. ಕಿತ್ತೆಸೆದ ಆ ಕಾಗದ ನೂರು ವರ್ಷ ದಾಟಿದ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ತೆಗೆದ ಲಿಥೋಗ್ರಾಫ್ ಆಗಿರಬಹುದು, ಮೊನ್ನೆ ಮೊನ್ನೆಯ ಆಫ್‌ಸೆಟ್ ಕ್ಯಾಲೆಂಡರೂ ಆಗಿರಬಹುದು. ಯಾವುದೆಂದು ತಿಳಿಯಲು ಎರಡು ಜಾಗ ನೋಡಬೇಕು: ಚಿತ್ರದ ಸುತ್ತಲಿನ ಬಿಳಿ ಅಂಚು ಮತ್ತು ಪಟದ ಬೆನ್ನು. ಹೊಸದಾಗಿ ಸಂಗ್ರಹಕ್ಕೆ ಇಳಿದವರು ಇವೆರಡನ್ನೂ ಬಿಟ್ಟು ಲಕ್ಷ್ಮಿಯ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ನಮ್ಮ ಕಡೆಯ ಹವೆಯಲ್ಲಿ ಪಟ ಹಾಳಾಗಲು ಶುರುವಾಗುವುದೂ ಈ ಎರಡು ಜಾಗಗಳಿಂದಲೇ.

ಮೊದಲು ಅಚ್ಚಿನ ಬಗೆ ಗುರುತಿಸಲು ಕಲಿಯಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಒಂದಿದ್ದರೆ ಮುಕ್ಕಾಲು ಪಾಲು ಕೆಲಸ ಆಯಿತು. ಕಪ್ಪಾದ ಜಾಗದಲ್ಲಿ ನೋಡಬೇಡಿ, ಅಲ್ಲಿ ಎಲ್ಲ ಬಗೆಯೂ ಒಂದೇ ಥರ ಕಾಣುತ್ತದೆ. ಕೆನ್ನೆ, ಆಕಾಶ, ನೀರು, ಹೀಗೆ ಬಣ್ಣ ತೆಳುವಾಗಿರುವ ಕಡೆ ನೋಡಿ.

ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಉರುಳೆಗಳ ನಡುವೆ ಭಾರಿ ಒತ್ತಡದಲ್ಲಿ ತೆಗೆದದ್ದು ಎನ್‌ಗ್ರೇವಿಂಗ್. ಅದರ ಗೆರೆ ಸಣ್ಣಗೆ ಶುರುವಾಗಿ, ನಡುವೆ ದಪ್ಪವಾಗಿ, ಮತ್ತೆ ಮೊನಚಾಗಿ ಮುಗಿಯುತ್ತದೆ. ಅದೇ ತಗಡನ್ನು ಆಮ್ಲದಿಂದ ತಿನ್ನಿಸಿ ಮಾಡಿದ ಎಚಿಂಗ್‌ನಲ್ಲಿ ಗೆರೆಯ ತುದಿ ಮೊಂಡಾಗಿರುತ್ತದೆ. ಎರಡರಲ್ಲೂ ಮಸಿ ಕಾಗದದ ಮೇಲೆ ಸ್ವಲ್ಪ ಎದ್ದು ನಿಂತಿರುತ್ತದೆ. ತಗಡಿನ ಅಂಚು ಒತ್ತಿದ ತಗ್ಗು ಚಿತ್ರದ ಸುತ್ತ ಚೌಕವಾಗಿ ಉಳಿದಿರುತ್ತದೆ. ಇದನ್ನು ಪ್ಲೇಟ್ ಮಾರ್ಕ್ ಎನ್ನುತ್ತಾರೆ. ಟಾರ್ಚನ್ನು ಪಕ್ಕದಿಂದ, ಕಾಗದಕ್ಕೆ ಹೆಚ್ಚುಕಡಿಮೆ ಸಮನಾಗಿ ಹಿಡಿದರೆ ಈ ತಗ್ಗು ಚೆನ್ನಾಗಿ ಕಾಣುತ್ತದೆ. ಅಂಚು ಕತ್ತರಿಸಿದ ಪಟದಲ್ಲಿ ಇದು ಹೋಗಿಯೇ ಬಿಟ್ಟಿರುತ್ತದೆ, ಅದಕ್ಕೇ ಕತ್ತರಿ ಬಿದ್ದ ಪಟಕ್ಕೆ ಬೆಲೆ ಕಡಿಮೆ. 1820ರ ದಶಕದಿಂದ ಪುಸ್ತಕದ ಚಿತ್ರಗಳಿಗೆ ತಾಮ್ರದ ಬದಲು ಉಕ್ಕಿನ ತಗಡು ಬಂತು. ಉಕ್ಕು ಗಟ್ಟಿ, ಸಾವಿರಾರು ಪ್ರತಿ ತೆಗೆದರೂ ಸವೆಯದು. ಹಾಗಾಗಿ ಗೆರೆಗಳು ಕೂದಲಿನಷ್ಟು ತೆಳು, ಒಟ್ಟು ಚಿತ್ರ ತುಸು ಬೂದು.

ಮರದಚ್ಚಿನಲ್ಲಿ ಇದೆಲ್ಲ ತಿರುಗುಮುರುಗು. ಉಬ್ಬಿದ ಭಾಗಕ್ಕೆ ಮಸಿ ಹತ್ತುತ್ತದೆ, ಕೊರೆದ ಭಾಗ ಬಿಳಿಯಾಗಿ ಉಳಿಯುತ್ತದೆ, ಪ್ಲೇಟ್ ಮಾರ್ಕ್ ಇರುವುದಿಲ್ಲ. 1842ರಲ್ಲಿ ಶುರುವಾದ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಂಥ ವಾರಪತ್ರಿಕೆಗಳ ಚಿತ್ರಗಳೆಲ್ಲ ಹೀಗೆ ಬಂದವು. ದೊಡ್ಡ ಚಿತ್ರಕ್ಕೆ ಸಣ್ಣ ಸಣ್ಣ ಮರದ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಬೇರೆ ಬೇರೆ ಕೆತ್ತನೆಗಾರರಿಗೆ ಹಂಚುತ್ತಿದ್ದರು. ಆ ಬೆಸುಗೆಯ ಜಾಗದಲ್ಲಿ ನೇರವಾದ ಸಣ್ಣ ಬಿಳಿ ಗೆರೆ ಚಿತ್ರದುದ್ದಕ್ಕೂ ಕಾಣಿಸುತ್ತದೆ. ಅದು ದೋಷವಲ್ಲ, ಒಳ್ಳೆಯ ಗುರುತು.

ಕಲ್ಲಚ್ಚು ಬೇರೆಯೇ ತತ್ವ. ಎಣ್ಣೆಗೂ ನೀರಿಗೂ ಆಗದು ಎಂಬುದೊಂದೇ ಅದರ ಆಧಾರ. ಬವೇರಿಯಾದ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನ್‌ನಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಜಿಡ್ಡಿರುವ ಕಡೆ ಮಾತ್ರ ಮಸಿ ನಿಲ್ಲುತ್ತದೆ. ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಇದನ್ನು ಕಂಡುಹಿಡಿದ. ಕನ್ನಡದ ಮೊದಲ ಪತ್ರಿಕೆ, 1843ರ ಮಂಗಳೂರ ಸಮಾಚಾರ, ಬಾಸೆಲ್ ಮಿಶನ್ನಿನಲ್ಲಿ ಕಲ್ಲಚ್ಚಿನಲ್ಲೇ ಹೊರಬಂತು. ಕನ್ನಡ ಅಕ್ಷರದ ಅಚ್ಚುಮೊಳೆ ಎರಕ ಹೊಯ್ಯುವ ಬದಲು ಕೈಬರಹವನ್ನೇ ಕಲ್ಲಿಗೆ ಇಳಿಸಬಹುದಿತ್ತು. ಭೂತಗನ್ನಡಿಯಲ್ಲಿ ಕಲ್ಲಚ್ಚು ನೋಡಿದರೆ ಒರಟು ಗೋಡೆಯ ಮೇಲೆ ಸೀಮೆಸುಣ್ಣ ಎಳೆದ ಹಾಗೆ ಕ್ರಮವಿಲ್ಲದ ಹರಳು ಹರಳು ಗುರುತು ಕಾಣುತ್ತದೆ. ಮಸಿ ಏಳುವುದೂ ಇಲ್ಲ, ಕಾಗದ ತಗ್ಗುವುದೂ ಇಲ್ಲ.

ಬಣ್ಣದ ಕಲ್ಲಚ್ಚಿಗೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಳ್ಳೆಯ ದೇವರ ಪಟಕ್ಕೆ ಹತ್ತು, ಹದಿನೈದು ಕಲ್ಲು ಬೇಕಾಗುತ್ತಿತ್ತು. ಕೆನ್ನೆಯ ಮೇಲೆ ಗುಲಾಬಿ, ಹಳದಿ, ಬೂದು ಚುಕ್ಕೆಗಳು ಕೈಯಲ್ಲಿ ಇಟ್ಟ ಹಾಗೆ ಒಂದಕ್ಕೊಂದು ಸಮನಿಲ್ಲದೆ ಬಿದ್ದಿರುತ್ತವೆ. ಅಂಚಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಆಚೆ ಸರಿದಿರುತ್ತದೆ. ಇದರ ಮೇಲೆ ವಾರ್ನಿಶ್ ಬಳಿದು, ಕೆಲವೊಮ್ಮೆ ಕ್ಯಾನ್ವಾಸ್ ಬಟ್ಟೆಯ ನೇಯ್ಗೆ ಕಾಣುವಂತೆ ಒತ್ತಿ, ತೈಲಚಿತ್ರದ ರೂಪ ಕೊಟ್ಟದ್ದೇ ಓಲಿಯೋಗ್ರಾಫ್. ಈಗಿನ ಕ್ಯಾಲೆಂಡರ್, ಪುಸ್ತಕಗಳ ಯಂತ್ರದಚ್ಚಾದ ಆಫ್‌ಸೆಟ್‌ನಲ್ಲಿ ಹಾಗಲ್ಲ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸಾಲು ಹಿಡಿದು, ಸುತ್ತು ಸುತ್ತಾಗಿ ಸಣ್ಣ ಹೂವಿನ ಆಕಾರ ಕಟ್ಟಿರುತ್ತವೆ. ಈ ಹೂವು ಕಂಡ ಕೂಡಲೇ ‘ಅಜ್ಜನ ಕಾಲದ ರವಿವರ್ಮ’ ಎಂಬ ಮಾತನ್ನು ಅಲ್ಲಿಗೇ ಬಿಡಬಹುದು. ಇಂಕ್‌ಜೆಟ್ ಪ್ರತಿಯಲ್ಲಿ ಸಾಲೂ ಇಲ್ಲ, ಹೂವೂ ಇಲ್ಲ, ಮಂಜಿನ ಹನಿಯಂತೆ ಚೆದುರಿದ ಚುಕ್ಕೆ, ಅಂಚಿಲ್ಲದ ಅಕ್ಷರ.

ಇನ್ನೊಂದು ಪರೀಕ್ಷೆ: ನೋಟು ಪರೀಕ್ಷಿಸುವ ಅಲ್ಟ್ರಾವಯಲೆಟ್ ಟಾರ್ಚನ್ನು ಕತ್ತಲಲ್ಲಿ ಕಾಗದದ ಅಂಚಿಗೆ ಹಿಡಿಯಿರಿ. 1950ರ ಸುಮಾರಿನಿಂದ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ಶುರುವಾಯಿತು, ಅಂಥ ಕಾಗದ ನೀಲಿಯಾಗಿ ಹೊಳೆಯುತ್ತದೆ. ಹಳೆಯ ಕಾಗದ ಮಂಕಾಗಿ ಉಳಿಯುತ್ತದೆ. ಹೊಳೆದರೆ ಹೊಸದು ಎನ್ನಲು ಅಡ್ಡಿಯಿಲ್ಲ, ಹೊಳೆಯದಿದ್ದರೆ ಹಳೆಯದೇ ಎನ್ನಲು ಮಾತ್ರ ಬರುವುದಿಲ್ಲ, ಬಿಳುಪಿನ ಮದ್ದಿಲ್ಲದ ಕಾಗದ ಇಂದಿಗೂ ತಯಾರಾಗುತ್ತದೆ. ಕಣ್ಣಿಗೆ ಹಿಡಿಯಬೇಡಿ, ಎರಡು ಕ್ಷಣಕ್ಕಿಂತ ಹೆಚ್ಚು ಚಿತ್ರದ ಮೇಲೂ ಹಿಡಿಯಬೇಡಿ.

ಅಂಚಿನ ಬರಹಕ್ಕೆ ಬರೋಣ. ಇಂಗ್ಲಿಷ್ ಪಟಗಳ ಕೆಳಗೆ ಎಡಕ್ಕೆ ಒಂದು ಹೆಸರು, ಬಲಕ್ಕೆ ಒಂದು ಹೆಸರು ಇರುವುದು ವಾಡಿಕೆ. ಹೆಸರಿನ ಮುಂದೆ ‘ಡೆಲ್’ ಎಂದಿದ್ದರೆ ಅವನು ಚಿತ್ರ ಬರೆದವನು, ‘ಪಿಂಕ್ಸ್’ ಎಂದಿದ್ದರೆ ವರ್ಣಚಿತ್ರಕಾರ, ‘ಸ್ಕಲ್ಪ್’ ಎಂದರೆ ತಗಡು ಕೊರೆದವನು, ‘ಲಿಥ್’ ಎಂದರೆ ಕಲ್ಲಿಗೆ ಇಳಿಸಿದವನು. ಎಲ್ಲವೂ ಲ್ಯಾಟಿನ್ ಮಾತಿನ ಮೊಟಕು. ಪ್ರಕಾಶಕನ ವಿಳಾಸ, ಇಸವಿ ಅದರ ಕೆಳಗೆ. ಕಾಗದವನ್ನು ಬೆಳಕಿಗೆ ಎತ್ತಿ ಹಿಡಿದರೆ ನೀರಚ್ಚು, ಅಂದರೆ ಕಾಗದ ತಯಾರಿಸಿದವರ ಗುರುತು (ವಾಟರ್‌ಮಾರ್ಕ್) ಕಾಣಬಹುದು. ಇಂಗ್ಲೆಂಡಿನ ಕಾಗದ ತಯಾರಕ ‘ಜೆ ವಾಟ್‌ಮನ್’ ಹೆಸರಿನ ಜೊತೆ ಇಸವಿ ಇದ್ದರೆ, ಅಚ್ಚಾದದ್ದು ಆ ಇಸವಿಯಲ್ಲಿ ಅಥವಾ ಅದರ ನಂತರ ಎಂದಷ್ಟೇ ಅರ್ಥ, ಅದಕ್ಕಿಂತ ಮೊದಲು ಸಾಧ್ಯವಿಲ್ಲ.

ನಮ್ಮ ಮನೆಗಳಲ್ಲಿ ಹೆಚ್ಚು ಕಾಣುವುದು ರವಿವರ್ಮ ಪ್ರೆಸ್ಸಿನ ಪಟಗಳೇ, ಹಾಗಾಗಿ ಅದನ್ನು ಬಿಡಿಸಿ ಹೇಳಬೇಕು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ತೆರೆದರು. 1899ರಲ್ಲಿ ಅದು ಲೋಣಾವಳ ಹತ್ತಿರದ ಮಳವಳಿಗೆ ಹೋಯಿತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಅಚ್ಚು ತಂತ್ರಜ್ಞ ಫ್ರಿಟ್ಜ್ ಶ್ಲೈಷರ್‌ಗೆ ಮಾರಾಟವಾಯಿತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಪ್ರೆಸ್ ಬೆಂಕಿಗೆ ಆಹುತಿಯಾದದ್ದು 1972ರಲ್ಲಿ. ಅಂದರೆ ‘ರವಿವರ್ಮ ಪ್ರೆಸ್’ ಎಂದು ಅಂಚಿನಲ್ಲಿ ಇರುವ ಪಟವೆಲ್ಲ ರವಿವರ್ಮರ ಕೈಯದಲ್ಲ. ಮಾರಾಟದ ನಂತರ ಬೇರೆ ಚಿತ್ರಕಾರರ ಕೆಲಸವೂ ಅದೇ ಪ್ರೆಸ್ಸಿನ ಹೆಸರಲ್ಲಿ ಬಂತು. ‘ಬಾಂಬೆ’ ಎಂಬ ವಿಳಾಸ ಇರುವುದು ಮೊದಲ ಘಟ್ಟಕ್ಕೆ, ‘ಕಾರ್ಲಾ-ಲೋಣಾವಳ’ ಇರುವುದು ನಂತರದ್ದಕ್ಕೆ ಸೇರುತ್ತದೆ. ಪುಣೆಯ ಚಿತ್ರಶಾಲಾ ಪ್ರೆಸ್, ಕಲ್ಕತ್ತಾ ಆರ್ಟ್ ಸ್ಟುಡಿಯೊ ಎರಡೂ 1878ರವು, ರವಿವರ್ಮ ಪ್ರೆಸ್ಸಿಗಿಂತ ಹಿರಿಯವು. ಅವುಗಳ ಹೆಸರಿರುವ ಪಟವನ್ನು ಅಂಚು ಹರಿದಿದ್ದರೂ ಬಿಡಬೇಡಿ.

ಈ ಪಟಗಳಲ್ಲಿ ದೇವಿಯ ಸೀರೆಗೆ ನಿಜವಾದ ಬಟ್ಟೆ ಅಂಟಿಸಿ, ಒಡವೆಗೆ ಚಮಕಿ, ಜರಿ, ಸಣ್ಣ ಮಣಿ ಕೂರಿಸಿದ್ದೂ ಸಿಗುತ್ತದೆ. ಮನೆಯ ಹೆಂಗಸರ ಕೈಕೆಲಸ ಅದು, ಪಟದಷ್ಟೇ ಅಮೂಲ್ಯ. ಬಟ್ಟೆ ಬಣ್ಣಗೆಟ್ಟಿದೆ ಎಂದು ಕಿತ್ತರೆ ಕೆಳಗಿನ ಅಚ್ಚಿನ ಮೇಲ್ಪದರವೂ ಅಂಟಿನ ಜೊತೆ ಎದ್ದು ಬರುತ್ತದೆ. ಕಟ್ಟು ಬಿಗಿಯಾಗಿದ್ದರೆ ಅಂಥದ್ದನ್ನು ಬಿಚ್ಚುವುದೇ ಬೇಡ.

ಮಲೆನಾಡಿನ ದೃಶ್ಯವಿರುವ ಎನ್‌ಗ್ರೇವಿಂಗ್ ಬೇಕೆನ್ನುವವರಿಗೆ ತಾಳ್ಮೆ ಬೇಕು. 1790ರ ದಶಕದ ಮೈಸೂರು ಯುದ್ಧದ ಚಿತ್ರಗಳು, 1794ರಲ್ಲಿ ಲಂಡನ್ನಿನಲ್ಲಿ ಬಂದ ರಾಬರ್ಟ್ ಹೋಮ್‌ನ ಮೈಸೂರು ದೃಶ್ಯಗಳಂಥವು, ಶ್ರೀರಂಗಪಟ್ಟಣ, ಬೆಂಗಳೂರು ಮತ್ತು ಅಲ್ಲಿನ ಬೆಟ್ಟದ ಕೋಟೆಗಳ ಸುತ್ತಲೇ ನಿಲ್ಲುತ್ತವೆ. ನಮ್ಮ ಊರುಗಳು ಹೆಚ್ಚಾಗಿ ನಕ್ಷೆಗಳಲ್ಲಿ ಮತ್ತು ಹತ್ತೊಂಬತ್ತನೇ ಶತಮಾನದ ಪ್ರವಾಸ ಪುಸ್ತಕಗಳ ಮರದಚ್ಚಿನಲ್ಲಿ ಸಿಗುತ್ತವೆ, ಅದೂ ಬೇರೆ ಹೆಸರಲ್ಲಿ. ಬಿದನೂರು, ಅಂದರೆ ಈಗಿನ ನಗರ, ‘ಬೆಡ್ನೋರ್’ ಅಥವಾ ‘ಹೈದರ್ ನಗರ್’ ಆಗಿರುತ್ತದೆ. ಜೋಗ ‘ಗೆರ್ಸೊಪ್ಪ ಫಾಲ್ಸ್’ ಅಥವಾ ‘ಗೈರ್‌ಸೊಪ್ಪ’. ವ್ಯಾಪಾರಿಗಳ ಪಟ್ಟಿಯಲ್ಲಿ ‘ಜೋಗ್’ ಎಂದು ಹುಡುಕಿದರೆ ಏನೂ ಸಿಗದು. ಗಿಡಮರಗಳ ಚಿತ್ರ ಆಗಬಹುದಾದರೆ ದಾರಿ ಅಗಲವಾಗುತ್ತದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹನ್ನೆರಡು ಸಂಪುಟವಾಗಿ ಬಂದ ಹಾರ್ಟಸ್ ಮಲಬಾರಿಕಸ್‌ನ ತಾಮ್ರದ ಕೊರೆತಗಳಲ್ಲಿ ಪಶ್ಚಿಮಘಟ್ಟದ ಮರಗಳೇ ತುಂಬಿವೆ. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಮದರಾಸಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಸ್ಯಗಳ ಕಲ್ಲಚ್ಚು ತಂದ. ಬಿಡಿ ಹಾಳೆಗಳು ಕೈಗೆಟುಕುವ ಬೆಲೆಗೆ ಬರುತ್ತವೆ. ಒಂದು ಮಾತು: ಇಡೀ ಪುಸ್ತಕವನ್ನು ಈಗ ಹರಿದು ಹಾಳೆ ಹಾಳೆ ಮಾರುವವರಿಂದ ಕೊಳ್ಳಬೇಡಿ. ಎಂದೋ ಬಿಡಿಯಾಗಿ ಹೋದದ್ದನ್ನು ಉಳಿಸುವುದು ಸಂಗ್ರಹ, ಒಟ್ಟಿಗಿದ್ದದ್ದನ್ನು ಒಡೆಸುವುದು ಸಂಗ್ರಹವಲ್ಲ.

ಕಡಿಮೆ ಖರ್ಚಿನಲ್ಲಿ ಕಣ್ಣು ಪಳಗಿಸಲು ಬೆಂಕಿಪೊಟ್ಟಣದ ಚೀಟಿಗಳು, ಮ್ಯಾಂಚೆಸ್ಟರ್ ಬಟ್ಟೆಯ ಥಾನಿಗೆ ಅಂಟಿಸುತ್ತಿದ್ದ ಬಣ್ಣದ ಟಿಕೆಟ್‌ಗಳು ಒಳ್ಳೆಯವು. ಅಂಗೈಯಗಲದ ಜಾಗದಲ್ಲಿ ಬಣ್ಣದ ಕಲ್ಲಚ್ಚಿನ ಎಲ್ಲ ಲಕ್ಷಣ ಇರುತ್ತವೆ.

ಕೊಳ್ಳುವಾಗ ಯಾವ ಹಾನಿ ಸಹಿಸಬಹುದು, ಯಾವುದು ಕೂಡದು? ಅಂಚಿನಲ್ಲಿ ನೀರಿನ ಕಲೆ, ಕಂದು ಚುಕ್ಕೆ, ಸಣ್ಣ ಹರಿವು ಇದ್ದರೆ ಚಿಂತೆಯಿಲ್ಲ. ಲ್ಯಾಮಿನೇಶನ್ ಮಾಡಿಸಿದ್ದು, ಮರಗೆಲಸದ ಬಿಳಿ ಅಂಟಿನಲ್ಲಿ ಪ್ಲೈವುಡ್ಡಿಗೆ ಮೆತ್ತಿದ್ದು ಬೇಡವೇ ಬೇಡ, ಅವುಗಳಿಂದ ಕಾಗದವನ್ನು ಬಿಡಿಸಲು ಬರುವುದಿಲ್ಲ. ನೀಲಿ ಮಾತ್ರ ಉಳಿದು ಮುಖವೆಲ್ಲ ಬೂದಾದದ್ದು ಬಿಸಿಲು ತಿಂದ ಪಟ. ಗುಲಾಬಿ, ಹಳದಿ ಮೊದಲು ಹೋಗುತ್ತವೆ, ಹೋದದ್ದು ಮತ್ತೆ ಬಾರದು. ಕೈಯಲ್ಲಿ ಬಣ್ಣ ತುಂಬಿದ ಎನ್‌ಗ್ರೇವಿಂಗ್ ಆದರೆ ತಿರುಗಿಸಿ ನೋಡಿ. ತಾಮ್ರದ ಹಸಿರು ಬಳಿದ ಕಡೆ ಕಾಗದದ ಬೆನ್ನು ಕಂದಾಗಿದ್ದರೆ ಬಣ್ಣ ಹಳೆಯದು, ನಂಬಬಹುದು.

ಇನ್ನು ಕಟ್ಟು ಬಿಚ್ಚುವುದು. ಇದಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನ ಆರಿಸಿ. ಮೇಜಿನ ಮೇಲೆ ದಪ್ಪ ಪಂಚೆ ಮಡಿಸಿ ಹಾಸಿ ಪಟವನ್ನು ಬೋರಲು ಮಲಗಿಸಿ. ಬೆನ್ನಿಗೆ ಅಂಟಿಸಿದ ಹಳೆಯ ಪತ್ರಿಕೆಯನ್ನು ಹರಿಯಬೇಡಿ. ಅದರ ತಾರೀಕು ಕಟ್ಟು ಯಾವಾಗ ಹಾಕಿಸಿದ್ದು ಎಂಬುದಕ್ಕೆ ಸಾಕ್ಷಿ. ತೆಳು ಬ್ಲೇಡಿನಿಂದ ಅಂಚಿನಲ್ಲಿ ಸೀಳಿ ಪೂರ್ತಿಯಾಗಿ ಎತ್ತಿಡಿ. ಮೊಳೆಗಳನ್ನು ಚಪ್ಪಟೆ ಇಕ್ಕಳದಿಂದ ನೇರವಾಗಿ ಎಳೆಯಿರಿ, ಮೀಟಿದರೆ ಗಾಜು ಒಡೆಯುತ್ತದೆ. ಹಲಗೆ ತೆಗೆದ ಮೇಲೆ ಕಾಗದದ ಒಂದು ಮೂಲೆಯನ್ನು ಉಗುರಿನಿಂದ ಸ್ವಲ್ಪವೇ ಎತ್ತಿ ನೋಡಿ. ಸಲೀಸಾಗಿ ಎದ್ದರೆ ಸರಿ. ತಡೆದರೆ ಅಲ್ಲಿಗೇ ನಿಲ್ಲಿಸಿ. ಓಲಿಯೋಗ್ರಾಫಿನ ವಾರ್ನಿಶ್ ಮಳೆಗಾಲದ ಥಂಡಿಗೆ ಮೆತ್ತಗಾಗಿ ಗಾಜಿಗೆ ಅಂಟಿರುತ್ತದೆ, ಎಳೆದರೆ ಬಣ್ಣ ಗಾಜಿನ ಮೇಲೇ ಉಳಿಯುತ್ತದೆ. ಅಂಥ ಪಟವನ್ನು ಗಾಜಿನ ಸಮೇತ ಇಟ್ಟು, ಬೆನ್ನಿನ ಹಲಗೆ ಮಾತ್ರ ಬದಲಿಸಿ. ನೀರು, ಸ್ಪಿರಿಟ್, ಉಗಿ ಯಾವುದನ್ನೂ ಮನೆಯಲ್ಲಿ ಪ್ರಯೋಗಿಸಬೇಡಿ.

ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಿಂದ ಒರೆಸುವುದು ದೊಡ್ಡ ತಪ್ಪು, ಬೂಷ್ಟು ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರವಾಗಿ ತಾಗದಂತೆ ಮೂರು ನಾಲ್ಕು ದಿನ ಒಣಗಿಸಿ. ಮೆತ್ತಗಿದ್ದದ್ದು ಪುಡಿಯಾದ ಮೇಲೆ ಮುಖಕ್ಕೆ ಎನ್95 ಮಾಸ್ಕ್ ಕಟ್ಟಿ, ಹೊರಗೆ ಅಂಗಳದಲ್ಲಿ ಮೃದು ಬ್ರಶ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ. ಬಿಸಿಲಿಗೆ ಇಡಬಾರದು. ಕಂದು ಚುಕ್ಕೆಗಳನ್ನು ಬ್ಲೀಚ್ ಹಾಕಿ ತೆಗೆಯಲು ಹೋದವರ ಕೈಯಲ್ಲಿ ಕಾಗದ ಕೆಲವೇ ವರ್ಷದಲ್ಲಿ ಹಪ್ಪಳವಾಗುತ್ತದೆ. ಚುಕ್ಕೆ ಇರಲಿ ಬಿಡಿ.

ಒರಲೆ ಗೋಡೆಯಿಂದ ಬರುತ್ತದೆ, ಹಾಗಾಗಿ ಜಾಗ ಬದಲಿಸಿದರೆ ಅದು ತಪ್ಪುತ್ತದೆ. ಕಾಗದದ ಮೇಲ್ಪದರ ಕೆರೆದು ತಿನ್ನುವ ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಅಂಟಿನ ಗಂಜಿಗೆ ಬರುತ್ತದೆ. ವಾರ್ನಿಶ್ ಇಲ್ಲದ ಬಿಡಿ ಹಾಳೆಯಲ್ಲಿ ಹುಳ ಇದೆಯೆಂದು ಅನುಮಾನ ಬಂದರೆ ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಹನಿ ಕಟ್ಟುತ್ತದೆ. ಓಲಿಯೋಗ್ರಾಫಿಗೆ ಈ ಉಪಾಯ ಬೇಡ, ವಾರ್ನಿಶ್ ಬಿರುಕು ಬಿಡಬಹುದು.

ಅಂಟಿನ ವಿಷಯದಲ್ಲಿ ನಮ್ಮ ಕಡೆ ಒಂದು ಹಳೆಯ ಪದ್ಧತಿಯಿದೆ: ಮೈದಾ ಗಂಜಿಗೆ ಹುಳ ಬಾರದಿರಲೆಂದು ಮೈಲುತುತ್ತ ಹಾಕುವುದು. ಅಡಿಕೆ ಕೊಳೆಗೆ ಬೋರ್ಡೊ ದ್ರಾವಣ ಹೊಡೆಯುವ ಊರಿನಲ್ಲಿ ಮೈಲುತುತ್ತ ಕೈಗೆ ಸಿಗುವ ವಸ್ತುವೇ. ಆದರೆ ಅದರಲ್ಲಿರುವ ತಾಮ್ರ ಕಾಗದದ ನಾರು ಕೊಳೆಯುವುದನ್ನು ಇನ್ನೂ ಚುರುಕು ಮಾಡುತ್ತದೆ, ಗಂಜಿ ಬಳಿದ ಪಟ್ಟಿಯೇ ಮೊದಲು ಕಂದಾಗಿ ಒಡೆಯುತ್ತದೆ. ಮೈದಾದಲ್ಲಿರುವ ಗ್ಲುಟೆನ್ ಹುಳಕ್ಕೂ ಬೂಷ್ಟಿಗೂ ಆಹಾರ. ಬೇಕಾದದ್ದು ಬರೀ ಗೋಧಿ ಪಿಷ್ಟ. ಕೊಳ್ಳಲು ಸಿಗದಿದ್ದರೆ ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಹಿಸುಕಿ ತೊಳೆಯಿರಿ. ರಬ್ಬರಿನಂಥ ಮುದ್ದೆ ಕೈಯಲ್ಲಿ ಉಳಿಯುತ್ತದೆ, ಪಿಷ್ಟ ನೀರಿಗೆ ಇಳಿಯುತ್ತದೆ. ರಾತ್ರಿಯಿಡೀ ತಂಗಲು ಬಿಟ್ಟು ಮೇಲಿನ ನೀರು ಬಗ್ಗಿಸಿ. ಒಂದು ಪಾಲು ಪಿಷ್ಟಕ್ಕೆ ನಾಲ್ಕು ಪಾಲು ನೀರು ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸುತ್ತ ಇಪ್ಪತ್ತೈದು ನಿಮಿಷ ಬೇಯಿಸಿ, ಆರಿದ ಮೇಲೆ ಜರಡಿ ಹಿಡಿದು, ಮಜ್ಜಿಗೆಗಿಂತ ತುಸು ದಪ್ಪ ಆಗುವಷ್ಟು ನೀರು ಸೇರಿಸಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಪಟದ ಮೇಲಂಚಿನ ಬೆನ್ನಿಗೆ ಮಾತ್ರ, ಎರಡು ಕಡೆ, ತೆಳುವಾದರೂ ಗಟ್ಟಿಯಾದ ಜಪಾನಿ ಟಿಶ್ಯೂ ಕಾಗದದ ಎರಡು ಬೆರಳಗಲದ ಪಟ್ಟಿ ಈ ಅಂಟಿನಲ್ಲಿ ಹಚ್ಚಿ, ಮೇಲಿನ ತುದಿಯನ್ನು ಹಿಂದಿನ ಬೋರ್ಡಿಗೆ ಅಂಟಿಸಿ. ಉಳಿದ ಮೂರು ಕಡೆ ಸಡಿಲವಿರಲಿ. ಮಳೆಗಾಲಕ್ಕೆ ಕಾಗದ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ನಾಲ್ಕೂ ಕಡೆ ಕಟ್ಟಿಹಾಕಿದರೆ ನಡುವೆ ಅಲೆ ಏಳುತ್ತದೆ. ಸೆಲ್ಲೋಟೇಪ್ ಒಂದು ತುಣುಕೂ ಬೇಡ. ಗಾಜು ಮತ್ತು ಪಟದ ನಡುವೆ ಮೂರು ಮಿಲಿಮೀಟರ್ ಅಂತರ ಬರುವಂತೆ ಆಮ್ಲರಹಿತ ಮೌಂಟ್ (ಪಟದ ಸುತ್ತ ಕೂರಿಸುವ ರಟ್ಟಿನ ಚೌಕಟ್ಟು) ಕೊಡಲು ಕಟ್ಟು ಹಾಕುವ ಅಂಗಡಿಯವರಿಗೆ ಹೇಳಿ, ಪಟದ ಅಂಚನ್ನು ಮೌಂಟಿನ ಅಳತೆಗೆ ಕತ್ತರಿಸಬೇಡಿ ಎಂದೂ ಎದುರಿಗೇ ಹೇಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮೌಂಟಿನ ಕತ್ತರಿಸಿದ ಅಂಚು ಕೆಲವೇ ವರ್ಷದಲ್ಲಿ ಕಂದಾಗುತ್ತದೆ. ಅದು ಆಮ್ಲದ ಗುರುತು, ಅದೇ ಕಂದು ಪಟಕ್ಕೂ ಇಳಿಯುತ್ತದೆ.

ಎಲ್ಲಿ ತೂಗುಹಾಕಬೇಕು? ಮಳೆ ಹೊಡೆಯುವ ಹೊರಗೋಡೆ ಬೇಡ, ಬಚ್ಚಲಿಗೆ ತಾಗಿದ ಗೋಡೆ ಬೇಡ, ಬೆಳಗಿನ ಬಿಸಿಲು ಬೀಳುವ ಜಗಲಿಯೂ ಬೇಡ. ನಡುಮನೆಯ ಒಳಗೋಡೆಯೇ ಸರಿ. ಕಟ್ಟಿನ ಕೆಳಗಿನ ಎರಡು ಮೂಲೆಗೆ ಬಾಟಲಿಯ ಕಾರ್ಕನ್ನು ಬಿಲ್ಲೆಯಾಗಿ ಕತ್ತರಿಸಿ ಅಂಟಿಸಿದರೆ ಗೋಡೆ ಮತ್ತು ಬೆನ್ನಿನ ನಡುವೆ ಗಾಳಿ ಆಡುತ್ತದೆ. ಅಟ್ಟದ ಮೇಲೆ ಇಟ್ಟರೆ ಒಲೆಯ ಹೊಗೆಗೆ ಹುಳ ಬಾರದು ಎಂಬ ಮಾತು ನಿಜ, ಆದರೆ ಆ ಹೊಗೆಯ ಮಸಿ ಕಾಗದದಿಂದ ಬಿಡುವುದಿಲ್ಲ.

ಬೂಷ್ಟು ಏಳುವುದು ಗಾಳಿಯ ತೇವ 65ರಿಂದ 70 ಶೇಕಡಾ ದಾಟಿದಾಗ. ಆರಿದ್ರೆಯಿಂದ ಆಶ್ಲೇಷದವರೆಗೆ ಮಲೆನಾಡಿನ ಮನೆಯೊಳಗೆ ಅದು 80ರ ಕೆಳಗೆ ಇಳಿಯುವುದೇ ಅಪರೂಪ. ಸಣ್ಣ ತೇವಮಾಪಕ ಒಂದನ್ನು ಬೀರುವಿನಲ್ಲಿಡಿ. ಬಿಡಿ ಹಾಳೆಗಳನ್ನು ಫೆಬ್ರವರಿಯಲ್ಲೇ ಆಮ್ಲರಹಿತ ಕಾಗದದ ನಡುವೆ ಜೋಡಿಸಿ, ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಬಿಟ್ಟರೆ ಒಣಗಾಳಿಯೇ ಒಳಗೆ ಉಳಿಯುತ್ತದೆ. ಜೂನ್ ತಿಂಗಳಲ್ಲಿ ಮುಚ್ಚಿದರೆ ತೇವವನ್ನು ಒಳಗೆ ಕೂಡಿಹಾಕಿದಂತೆ. ನೀಲಿ ಜೆಲ್ ಬೇಡ, ಅದರಲ್ಲಿ ಕೋಬಾಲ್ಟ್ ಇದೆ. ಕಿತ್ತಳೆ ಬಣ್ಣದ್ದು ತನ್ನಿ. ಬಣ್ಣ ಬದಲಾದಾಗ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಓವನ್ನಿನಲ್ಲಿ ಕಾಸಿ, ಆರಿಸಿ ಮತ್ತೆ ಹಾಕಬಹುದು. ಪೊಟ್ಟಣ ಕಾಗದಕ್ಕೆ ತಾಗದಂತೆ ಮೂಲೆಯಲ್ಲಿರಲಿ. ಹಸಿ ಬೇವಿನ ಸೊಪ್ಪು ಒಳಗೆ ಹಾಕಿದರೆ ಅದರ ನೀರೇ ಕಾಗದಕ್ಕೆ ಹೋಗುತ್ತದೆ.

ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ವಿದೇಶದಲ್ಲಿರುವ ಮಕ್ಕಳಿಗೆ ಪಟ ಕೊಟ್ಟು ಕಳಿಸುವ ಮುನ್ನ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಪ್ರತಿ ಪಟಕ್ಕೂ ಒಂದು ಚೀಟಿ ಮಾಡಿ: ಅಚ್ಚಿನ ಬಗೆ, ಚಿತ್ರದ ಅಳತೆ, ಕಾಗದದ ಅಳತೆ, ಅಂಚಿನ ಬರಹ ಇದ್ದದ್ದು ಇದ್ದ ಹಾಗೆ, ಯಾವ ಊರಿನ ಮನೆಯಿಂದ ಬಂತು, ಬೆನ್ನಿನ ಪತ್ರಿಕೆಯ ತಾರೀಕು. ಪಟದ ಮೇಲೆ ಬರೆಯಲೇಬೇಕಾದರೆ ಬೆನ್ನಿನ ಕೆಳಮೂಲೆಯಲ್ಲಿ ಎಚ್‌ಬಿ ಪೆನ್ಸಿಲಿನಿಂದ ಒಂದು ಕ್ರಮಸಂಖ್ಯೆ ಮಾತ್ರ, ಕಾಗದವನ್ನು ಗಾಜಿನ ಹಲಗೆಯ ಮೇಲಿಟ್ಟು, ಒತ್ತದೆ.